ಸಾಕ್ಷಿ ಬಟ್ಟಲಿನ ನೇರಳೆ

ಜೋರಾಪುರ ಪೇಟೆ, ವಿಜಾಪುರ
೧೮ ಎಪ್ರಿಲ್ ೧೯೬೧

ಚಿ. ಸೀತವ್ವಳಿಗೆ,

ನಿನ್ನ ಪತ್ರದ ಧಾಟಿ ನೋಡಿದರೆ ಯಾರಿಗೆ ಬರೆಯುತ್ತಿದ್ದೇನೆಂಬುದೇ ನಿನಗೆ ಮರೆತುಹೋದಂತಿದೆ. ಆದ್ದರಿಂದ ಮೊದಲು ಅದನ್ನು ಬರೆಯುತ್ತೇನೆ. ನಾನು ಸತ್ಯವ್ವ. ಕೈಲಾಸವಾಸಿ ಧೂಳಪ್ಪ ನೀಲಗಾರರ ಹೆಂಡತಿ, ಜೋರಾಪುರ ಪೇಟೆಯ ಬಣ್ಣದ ಮನೆಯ ಯಜಮಾನಿ. ನನ್ನ ಕಾಲದಲ್ಲಿ ಈ ಪೇಟೆಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಹೆಣ್ಣು ನಾನೊಬ್ಬಳೇ. ಇಲಕಲ್ಲಿನ ನೇಕಾರರು ಬೇರೆಯವರ ರೇಷ್ಮೆ ನೂಲಿನ ಲಡಿಯ ಕಟ್ಟನ್ನು ಬಿಚ್ಚಿ, ಬಿಸಿಲಿಗೆ ಹಿಡಿದು, ಉಗುರಿನಿಂದ ಕೆರೆದು ನೋಡುತ್ತಾರೆ. ನಮ್ಮ ನೀಲಿಯನ್ನು ಕಟ್ಟು ಬಿಚ್ಚದೆ ಒಯ್ಯುತ್ತಾರೆ. ಇದು ನಿನ್ನ ತಂದೆ ಗಳಿಸಿದ್ದಲ್ಲ, ಅವರು ಮೃದು ಮನುಷ್ಯರು. ಇದು ನನ್ನ ಕಣ್ಣು ಗಳಿಸಿದ್ದು.

‘ಲಾಲಸಾಬ ಕಾಕಾನನ್ನು ಕೆಲಸದಿಂದ ಯಾಕೆ ಬಿಡಿಸಿದಿ?’ ಎಂದು ಕೇಳಿದ್ದೀಯ. ನಾನು ಬಿಡಿಸಲಿಲ್ಲ. ಬಟ್ಟಲು ಬಿಡಿಸಿತು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಬೆಳಿಗ್ಗೆ ಹಂಡೆಯಲ್ಲಿ ಬಣ್ಣ ಕದಡಿದ ಮೇಲೆ, ಒಂದು ಎಳೆ ನೂಲನ್ನೂ ಅದ್ದುವ ಮುಂಚೆ, ಅದರ ಎರಡು ಹನಿಯನ್ನು ಬಿಳಿಯ ಪಿಂಗಾಣಿ ಬಟ್ಟಲಿನ ನೀರಿಗೆ ಬಿಡಬೇಕು. ಅದು ಸಾಕ್ಷಿ ಬಟ್ಟಲು. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತೇನೆ. ನೀಲಿ ನೀಲಿಯಾಗಿ ಹರಡಿದರೆ ‘ಅದ್ದು’ ಎನ್ನುತ್ತೇನೆ. ಇಲ್ಲದಿದ್ದರೆ ಹಂಡೆ ಮೋರಿಗೆ. ಬಟ್ಟಲು ಬೇಡವೆಂದ ಮೇಲೆ ಈ ಮನೆಯಲ್ಲಿ ಯಾರೂ ಲಡಿ ಅದ್ದಿಲ್ಲ.

ಹಿಂದಿನ ವಾರ ಮೂರು ದಿನ ಸಾಲಾಗಿ ಬಟ್ಟಲು ನೇರಳೆಗೆ ತಿರುಗಿತು. ಸಂಶಯವಲ್ಲ, ಬದನೆಕಾಯಿಯಂಥ ನೇರಳೆ. ಹಂಡೆ ಕದಡುವ ಲಾಲಸಾಬ ಒಳ್ಳೆಯ ನೀಲಿಯನ್ನು ಹೊರಗೆ ಮಾರಿ, ಅಗ್ಗದ ನೇರಳೆ ಬೆರೆಸಿದ್ದಾನೆಂದು ತಿಳಿಯಲು ನಿನ್ನ ಧಾರವಾಡದ ಯಂತ್ರ ಬೇಕಾಗಿಲ್ಲ. ಮೂರನೆಯ ದಿನ ಪೇಟೆಯ ಐದು ಜನ ಹಿರಿಯರನ್ನು ಕರೆಸಿದೆ. ಐವರೂ ಸಾಕ್ಷಿ ಬಟ್ಟಲಿಗಿಂತ ಮೊದಲು ಚಹದ ಬಟ್ಟಲು ಎಲ್ಲಿದೆಯೆಂದು ನೋಡಿದರು. ಆದರೂ ಕಣ್ಣಿದ್ದವರು, ನೇರಳೆ ಎಂದರು.

ಲಾಲಸಾಬ ಅಂದದ್ದು ಒಂದೇ ಮಾತು. “ಅವ್ವಾರ, ನಾ ಏನೂ ಬೆರಸಿಲ್ರಿ. ಒಂದ ಲಡಿ ಅದ್ದಿ ನೋಡ್ರಿ, ಆಮ್ಯಾಲೆ ನೀವು ಅಂದಂಗ.”

“ಈ ಮನ್ಯಾಗ ಬಟ್ಟಲಕಿಂತ ನಿನ್ನ ಲಡಿ ದೊಡ್ಡದೇನು?” ಎಂದೆ. “ಕೈಯಾಗಿನ ನೀಲಿ ತೊಳಕೊಂಡು ನಡಿ.”

ಹೋದ. ಮೂವತ್ತೊಂದು ವರ್ಷ ನಿನ್ನ ತಂದೆಯ ಕೈಕೆಳಗೆ, ನನ್ನ ಕೈಕೆಳಗೆ ಇದ್ದವನು. ಈಗ ಹೆಂಡತಿಯ ತವರು ತಿಕೋಟಾದಲ್ಲಿದ್ದಾನಂತೆ.

ಇನ್ನು ನಿನ್ನ ವಿಷಯ. ಬಣ್ಣದ ಮನೆಯಲ್ಲಿ ಹುಟ್ಟಿ, ಬಣ್ಣವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಅದರೊಳಗಿಂದ ದೀಪ ನೋಡುವುದನ್ನು ಕಲಿಯಲು ಊರು ಬಿಟ್ಟು ಹೋದ ಹೆಣ್ಣು ನೀನೊಬ್ಬಳೇ ಇರಬೇಕು. ಎಂ.ಎಸ್ಸಿ. ಆಯಿತು. ಮತ್ತೇನು ಸಂಶೋಧನೆ? ಬಟ್ಟಲು ನನ್ನ ಅತ್ತೆಯಿಂದ ನನಗೆ ಬಂತು. ನನಗೆ ಸೊಸೆಯಿಲ್ಲ, ನಿನಗೆ ಬರಬೇಕು. ಶ್ರಾವಣದೊಳಗೆ ಬಂದು ಕಟ್ಟೆಯ ಮೇಲೆ ಕುಳಿತುಕೊಳ್ಳುವುದನ್ನು ಕಲಿ.

ಬೇಸಿಗೆ ಜೋರಾಗಿದೆ. ನಲ್ಲಿ ಮೂರು ದಿನಕ್ಕೊಮ್ಮೆ, ಬಾವಿ ತಳ ಕಂಡಿದೆ. ಆದರೂ ನಮ್ಮ ಮನೆಯಲ್ಲಿ ಹೊಲಸಿಲ್ಲ. ಸೋಲಾಪುರದ ದೊಡ್ಡ ಮನೆಗಳಲ್ಲಿ ಕಂಡ ಹೊಸ ಸಾಬೂನು ಪುಡಿಯನ್ನು ಈ ಪೇಟೆಗೆ ಮೊದಲು ತರಿಸಿದವಳು ನಾನು. ಬಟ್ಟಲನ್ನು ಬೂದಿ ಹಚ್ಚಿ ತಿಕ್ಕುವ ಕಾಲ ಹೋಯಿತು. ಮನೆಗೆಲಸದ ಪರಸವ್ವನಿಗೆ ಹೇಳಿದ್ದೇನೆ, ಪುಡಿಯ ನೀರಿನಲ್ಲಿ ಅದ್ದು, ಅರಿವೆಯಿಂದ ಒರೆಸು, ಇದ್ದ ನೀರು ಸುರುವಬೇಡ ಎಂದು. ಕನ್ನಡಿಯ ಹಾಗೆ ಹೊಳೆಯುತ್ತದೆ.

ಸತ್ಯವ್ವ ಧೂಳಪ್ಪ ನೀಲಗಾರ

---

ಧಾರವಾಡ
೨೭ ಎಪ್ರಿಲ್ ೧೯೬೧

ಅವ್ವನಿಗೆ ಸೀತೆಯ ನಮಸ್ಕಾರ.

ನೀನು ಯಾರೆಂಬುದು ನನಗೆ ಮರೆತಿಲ್ಲ. ಮರೆಯಲು ನೀನು ಬಿಡುವವಳೂ ಅಲ್ಲ.

ಲಾಲಸಾಬ ಕಾಕಾ ಬಣ್ಣ ಕದಿಯುತ್ತಾನೆಂದರೆ ನನಗೆ ನಂಬಿಕೆ ಬರುವುದಿಲ್ಲ. ನಾನು ಸಣ್ಣವಳಿದ್ದಾಗ ಹಂಡೆಗೆ ಕೈ ಹಾಕಿದರೆ ‘ಭಾಳ ಏನಾತು, ಬಿಡ್ರಿ’ ಎಂದು ಎಲ್ಲರೂ ನಗುತ್ತಿದ್ದರು. ಅವನೊಬ್ಬನೇ ಹಂಡೆಯನ್ನು ಮೋರಿಗೆ ಸುರಿಯುತ್ತಿದ್ದ. ‘ಮನಿತನದ ಬಣ್ಣರಿ, ಕೂಸಿನ ಕೈ ತಾಗಿದ್ದು ಕೊಡಾಕ ಬರೂದಿಲ್ಲ’ ಎನ್ನುತ್ತಿದ್ದ. ಅಂಥವನು ಬೆರಕೆ ಮಾಡುತ್ತಾನೆಯೇ?

ಅವನ ಮಗಳು ಸಬೀರಾಳ ನಿಕಾ ಬಬಲೇಶ್ವರದವರ ಜೊತೆ ಗೊತ್ತಾಗಿತ್ತಲ್ಲ. ಐದು ಜನರೆದುರು ಕಳ್ಳನೆನಿಸಿಕೊಂಡವನ ಮಗಳನ್ನು ಅವರು ತರುತ್ತಾರೆಯೇ, ಅದನ್ನಾದರೂ ಯೋಚಿಸಿದಿಯಾ?

ಶ್ರಾವಣಕ್ಕೆ ಬರುವುದು ಆಗಲಿಕ್ಕಿಲ್ಲ. ಕೆಲಸ ಅರ್ಧಕ್ಕಿದೆ.

ನಿನ್ನ ಮಗಳು
ಸೀತಾ

---

ಜೋರಾಪುರ ಪೇಟೆ
೯ ಮೇ ೧೯೬೧

ಚಿ. ಸೀತವ್ವಳಿಗೆ,

ನೀನು ನಂಬದಿದ್ದರೆ ನೇರಳೆ ನೀಲಿಯಾಗುವುದಿಲ್ಲ.

ಬಣ್ಣ ಹಾಕಲು ಲಾಲಸಾಬನ ಜಾಗಕ್ಕೆ ಹೊಸ ರಂಗಾರಿಯನ್ನು ತಂದಿದ್ದೇನೆ. ಹೆಸರು ಇಸಾಕ, ಅಥಣಿ ರಸ್ತೆಯವನು. ನಿನ್ನ ಕಾಕಾ ಕರೆಪ್ಪ ಇವನ ಬಗ್ಗೆ ಹೇಳಿ ಹೇಳಿ ನನ್ನ ಕಿವಿ ತಿಂದಿದ್ದ. ಇವನಾದರೂ ಬೆರಕೆ ಮಾಡದಿರಲೆಂದು ಹೊಸ ಡಬ್ಬಿಯ ಮೊಹರನ್ನು ನಾನೇ ಒಡೆದೆ, ನಾನೇ ಅಳೆದು ಹಂಡೆಗೆ ಹಾಕಿದೆ. ಅವನು ಕೋಲು ತಿರುಗಿಸಿದ, ಅಷ್ಟೇ. ಮೊದಲ ದಿನವೇ ಬಟ್ಟಲು ನೇರಳೆ. ಲಾಲಸಾಬ ಕಳ್ಳನಾಗಲು ಮೂವತ್ತೊಂದು ವರ್ಷವಾದರೂ ತೆಗೆದುಕೊಂಡ. ಇವನು ಮೂವತ್ತೊಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನದೊಳಗೆ ಕಳಿಸಿದೆ.

ಈಗ ಎರಡು ಹಂಡೆಗಳೂ ಅಂಗಳದಲ್ಲಿ ಬೋರಲು ಬಿದ್ದಿವೆ. ಇಲಕಲ್ಲಿನಿಂದ ಬಂದ ರೇಷ್ಮೆ ಬೆಳ್ಳಗೇ ಕೂತಿದೆ. ಈ ಊರಿನಲ್ಲಿ ಪ್ರಾಮಾಣಿಕ ಮನುಷ್ಯ ಉಳಿದಿಲ್ಲವೆಂದು ಕಾಣುತ್ತದೆ. ಉಳಿದಿದ್ದರೂ ಬಣ್ಣದ ಕೆಲಸಕ್ಕೆ ಬರುವುದಿಲ್ಲ.

ಸಬೀರಾಳ ಮಾತು ನನಗೆ ಬರೆಯಬೇಡ. ನಾನು ಅವಳ ಮದುವೆ ಮುರಿದಿಲ್ಲ. ಅವಳ ಅಪ್ಪನ ನಡತೆಯ ಬಗ್ಗೆ ನಾನು ಕಂಡದ್ದು ಹೇಳಿದೆ.

ಸತ್ಯವ್ವ ಧೂಳಪ್ಪ ನೀಲಗಾರ

---

ಧಾರವಾಡ
೧೭ ಮೇ ೧೯೬೧

ಅವ್ವಾ,

ಸಿಟ್ಟಾಗದೆ ಕೊನೆಯವರೆಗೆ ಓದು. ಮೊಹರು ಒಡೆದವಳು ನೀನು. ಅಳೆದು ಹಾಕಿದವಳು ನೀನು. ಇಸಾಕ ಬಣ್ಣವನ್ನು ಮುಟ್ಟಲೇ ಇಲ್ಲ. ಹಾಗಾದರೆ ನೇರಳೆ ಎಲ್ಲಿಂದ ಬಂತು?

ಹಂಡೆಯಲ್ಲಿ ಇಲ್ಲದ್ದು ಬಟ್ಟಲಿನಲ್ಲಿ ಕಂಡಿದೆ. ಎಂದರೆ ಅದು ಬಟ್ಟಲಿನಲ್ಲಿಯೇ ಇತ್ತು.

ನಾನು ಎರಡು ವರ್ಷದಿಂದ ನೋಡುತ್ತಿರುವುದು ಇದನ್ನೇ. ನಾವು ಬಳಸುವ ನೀಲಿಯಂಥ ಬಣ್ಣಗಳ ಕಣಗಳು ತಿಳಿನೀರಿನಲ್ಲಿ ಒಂದೊಂದೇ ಬಿಡಿಯಾಗಿ ಇದ್ದಾಗ ಒಂದು ಬಗೆಯ ಬೆಳಕನ್ನು ಹೀರುತ್ತವೆ, ನಮಗೆ ನೀಲಿ ಕಾಣುತ್ತದೆ. ಒತ್ತೊತ್ತಾಗಿ ಒಂದರ ಮೇಲೊಂದು ಅಂಟಿಕೊಂಡರೆ ಹೀರುವ ಬೆಳಕೇ ಬದಲಾಗುತ್ತದೆ, ನೇರಳೆ ಕಾಣುತ್ತದೆ. ಬಣ್ಣ ಅದೇ, ಕೂಡಿಕೊಂಡ ರೀತಿ ಬೇರೆ. ಹೀಗೆ ಅವುಗಳನ್ನು ಕೂಡಿಸುವುದು ಸಾಬೂನು, ಅದೂ ಬಹಳ ಸ್ವಲ್ಪ ಇದ್ದಾಗ. ಸಾಬೂನಿನ ಕಣಕ್ಕೆ ನೀರನ್ನು ಒಲ್ಲದ ಒಂದು ಬಾಲ, ಬಣ್ಣವನ್ನು ಎಳೆಯುವ ಒಂದು ತಲೆ. ಸ್ವಲ್ಪವೇ ಇದ್ದರೆ ತಲೆಗೆ ಬಣ್ಣವನ್ನು ಅಂಟಿಸಿಕೊಂಡು ಗುಂಪಾಗುತ್ತದೆ. ಸಾಬೂನು ಬಹಳವಾದರೆ ಬಾಲಗಳನ್ನು ಒಳಗೆ ಮಾಡಿ ಸಣ್ಣ ಸಣ್ಣ ಉಂಡೆ ಕಟ್ಟುತ್ತದೆ. ಆಗ ಬಣ್ಣದ ಒಂದೊಂದು ಕಣ ಒಂದೊಂದು ಉಂಡೆಯಲ್ಲಿ ಬೇರೆಯಾಗಿ ಕೂಡುತ್ತದೆ, ಮತ್ತೆ ನೀಲಿ ಕಾಣುತ್ತದೆ. ನಮ್ಮ ಯಂತ್ರ ಈ ಬದಲಾವಣೆಯನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುತ್ತದೆ, ಆದರೆ ನಿನ್ನ ಕಣ್ಣಿಗೆ ಯಂತ್ರ ಬೇಕಿಲ್ಲ.

ಹಳೆಯ ಸಾಬೂನು ನಮ್ಮ ಸವುಳು ನೀರಿನಲ್ಲಿ ಒಡೆದು ಬೆಳ್ಳಗೆ ಗಸಿಯಾಗಿ ಕಾಣುತ್ತಿತ್ತು, ಪರಸವ್ವ ಅದು ಹೋಗುವವರೆಗೆ ತೊಳೆಯುತ್ತಿದ್ದಳು. ಹೊಸ ಪುಡಿ ಒಡೆಯುವುದಿಲ್ಲ. ಉಳಿದರೂ ಕಾಣುವುದಿಲ್ಲ. ಅರಿವೆಯಿಂದ ಒರೆಸಿದರೆ ಬಟ್ಟಲಿಗೆ ತೆಳ್ಳಗೆ ಹಿಡಿದುಕೊಂಡೇ ಇರುತ್ತದೆ.

ಮೂರು ಬಟ್ಟಲು ತೆಗೆದುಕೋ. ಮೂರನ್ನೂ ಬೂದಿ ಹಚ್ಚಿ, ಹತ್ತು ಸಲ ನೀರು ಸುರಿದು ತೊಳೆ. ಒಂದರಲ್ಲಿ ಬರೀ ನೀರು. ಎರಡನೆಯದರ ನೀರಿಗೆ ಪುಡಿಯ ನೀರಿನ ನಾಲ್ಕೇ ಹನಿ. ಮೂರನೆಯದರಲ್ಲಿ ಒಂದು ಮುಷ್ಟಿ ಪುಡಿ ಕದಡು. ಮೂರಕ್ಕೂ ಎರಡೆರಡು ಹನಿ ನೀಲಿ ಬಿಡು. ನಾನು ಹೇಳುವುದು ಸುಳ್ಳಾದರೆ ಶ್ರಾವಣಕ್ಕೆ ಗಂಟುಮೂಟೆ ಕಟ್ಟಿ ಬರುತ್ತೇನೆ, ನೀನು ಹೇಳಿದ ಕಟ್ಟೆಯ ಮೇಲೆ ಕೂಡುತ್ತೇನೆ.

ಸೀತಾ

---

ಜೋರಾಪುರ ಪೇಟೆ
೨೬ ಮೇ ೧೯೬೧

ಚಿ. ಸೀತವ್ವಳಿಗೆ,

ಓದಿದೆ. ಎರಡು ವರ್ಷ ಧಾರವಾಡದ ಅನ್ನ ತಿಂದು ನೀನು ಕಂಡುಹಿಡಿದದ್ದು ಇಷ್ಟು: ಒಬ್ಬೊಬ್ಬರೇ ಇದ್ದಾಗ ಒಂದು ಬಣ್ಣ, ಗುಂಪಾದಾಗ ಇನ್ನೊಂದು ಬಣ್ಣ. ಇದಕ್ಕೆ ಯಂತ್ರ ಯಾಕೆ? ನಮ್ಮ ಪೇಟೆಯ ಐದು ಹಿರಿಯರನ್ನು ಕರೆದು ಕೂಡಿಸಿದ್ದರೆ ನಾನು ಇಲ್ಲಿಯೇ ತೋರಿಸುತ್ತಿದ್ದೆ. ಒಬ್ಬೊಬ್ಬನೂ ಮನೆಯಲ್ಲಿ ಹೆಂಡತಿಯೆದುರು ಬೆಕ್ಕು, ಕೂಡಿದಾಗ ಹುಲಿ.

ಸಾಬೂನು ಹಚ್ಚಿದರೆ ಹೊಲಸಾಗುತ್ತದೆ, ಬಹಳ ಹಚ್ಚಿದರೆ ಮತ್ತೆ ಸ್ವಚ್ಛವಾಗುತ್ತದೆ ಎಂದು ಬರೆಯುವವರಿಗೆ ಪದವಿ ಕೊಡುತ್ತಾರೆಂದರೆ ಆ ಕಾಲೇಜಿನ ಮೇಲೆ ನನಗಿದ್ದ ಸ್ವಲ್ಪ ಗೌರವವೂ ಹೋಯಿತು.

ನನ್ನ ಬಟ್ಟಲು ಹೊಲಸು ಎಂದು ನನಗೆ ಇಲ್ಲಿಯವರೆಗೆ ಯಾರೂ ಹೇಳಿಲ್ಲ. ಹೇಳುವ ಮೊದಲ ಬಾಯಿ ನನ್ನ ಹೊಟ್ಟೆಯಿಂದಲೇ ಬರಬೇಕಿತ್ತೆಂದು ಕಾಣುತ್ತದೆ. ಬಟ್ಟಲು ಜೋಡಿಸಿ ಆಟವಾಡಲು ನಾನು ಕೂಸಲ್ಲ.

ಲಾಲಸಾಬ ಹೋಗುವಾಗ ಹಂಡೆ ತಿರುಗಿಸುವ ಕೋಲನ್ನು ಒಯ್ದಿದ್ದಾನೆಂದು ಮೊನ್ನೆ ಗೊತ್ತಾಯಿತು. ಕೋಲು ಈ ಮನೆಯದು. ತಿರುಗಿ ಕಳಿಸೆಂದು ತಿಕೋಟಾಕ್ಕೆ ಕಾಗದ ಬರೆದಿದ್ದೇನೆ.

ಸತ್ಯವ್ವ ಧೂಳಪ್ಪ ನೀಲಗಾರ

---

ತಿಕೋಟಾ
೧೪ ಜೂನ್ ೧೯೬೧

ಸತ್ಯವ್ವಾರಿಗೆ,

ಲಾಲಸಾಬನ ಮಗಳು ಸಬೀರಾ ಮಾಡುವ ಸಲಾಮ. ಅಬ್ಬಾಗೆ ಬರೆಯಲು ಬರುವುದಿಲ್ಲ, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಿದ್ದೇನೆ.

“ಅವ್ವಾರ, ಕೋಲ ಕಳಿಸೇನಿ. ಕದ್ದು ಒಯ್ದಿದ್ದಲ್ರಿ. ಆ ದಿನ ಕೈಯಾಗ ಇತ್ತು, ಕೈಯಾಗ ಇದ್ದಂಗ ನಡದೆ. ಹಾದಿ ಅರ್ಧಾ ಆದಮ್ಯಾಗ ಗೊತ್ತಾತು. ಬಸ್ಸಿನವ ಏನಪಾ ಇದು ಅಂತ ಕೇಳಿದ್ರ ಊರಗೋಲ ಅಂದೆ. ಬೇರೆ ಏನೂ ನಿಮ್ಮ ಮನೀದು ನನ್ನ ಕಡೆ ಇಲ್ರಿ.”

ಇನ್ನು ನಾನು ಬರೆಯುವುದು. ಬಬಲೇಶ್ವರದವರು ಬೇಡವೆಂದು ಹೇಳಿ ಕಳಿಸಿದರು. ಇದನ್ನು ನಿಮಗೆ ತಿಳಿಸಬೇಕೆಂದು ಅಬ್ಬಾ ಹೇಳಿಲ್ಲ. ಅಬ್ಬಾ ಈಗ ಕಳ್ಳಕವಟಗಿಯಲ್ಲಿ ಒಬ್ಬರ ಹೊಲದಲ್ಲಿ ಕೂಲಿಗೆ ಹೋಗುತ್ತಾರೆ. ಬಣ್ಣದವರು ಯಾರೂ ಕರೆಯುವುದಿಲ್ಲ. ಮೊನ್ನೆ ಊಟಕ್ಕೆ ಕುಳಿತಾಗ ತಮ್ಮ ಕೈಯನ್ನು ಬಹಳ ಹೊತ್ತು ನೋಡಿಕೊಂಡರು. ನಾನು ಹುಟ್ಟಿದಾಗಿನಿಂದ ಅವರ ಉಗುರು ನೀಲಿ. ಈಗ ಬುಡದಿಂದ ಅರ್ಧದವರೆಗೆ ಬೆಳ್ಳಗಾಗಿವೆ.

ಕೈಯಲ್ಲಿನ ನೀಲಿ ತೊಳೆದುಕೊಂಡು ಹೋಗೆಂದು ನೀವು ಹೇಳಿದ್ದಿರಂತೆ. ಹೋಗುತ್ತಾ ಇದೆ.

ಸಬೀರಾ ಲಾಲಸಾಬ

---

ಜೋರಾಪುರ ಪೇಟೆ
೩ ಆಗಸ್ಟ್ ೧೯೬೧

ಸೀತವ್ವಳಿಗೆ,

ಎರಡು ತಿಂಗಳು ನಾನು ಬರೆಯಲಿಲ್ಲ. ನೀನು ಬರೆದ ಮೂರು ಕಾಗದಗಳೂ ಬಂದಿವೆ. ಒಂದಕ್ಕೂ ಉತ್ತರ ಬೇಕಿರಲಿಲ್ಲ.

ನಿನ್ನ ಬಾಯಿ ಮುಚ್ಚಿಸಬೇಕೆಂದು ನಿನ್ನೆ ಬೆಳಿಗ್ಗೆ ಮೂರು ಬಟ್ಟಲು ತೆಗೆದುಕೊಂಡೆ. ಪಡಸಾಲೆಯ ಬಾಗಿಲು ಹಾಕಿಕೊಂಡೆ. ಬೂದಿ ಹಚ್ಚಿ ನಾನೇ ತಿಕ್ಕಿದೆ. ಮಳೆ ಬಂದು ಬಾವಿಯಲ್ಲಿ ನೀರಿದೆ, ಹತ್ತು ಸಲ ಸುರುವಿದೆ. ನೀನು ಬರೆದ ಹಾಗೆ ಒಂದರಲ್ಲಿ ಬರೀ ನೀರು, ಒಂದರಲ್ಲಿ ನಾಲ್ಕು ಹನಿ, ಒಂದರಲ್ಲಿ ಮುಷ್ಟಿ ಪುಡಿ. ನಾನೇ ಮೊಹರು ಒಡೆದ ಅದೇ ಡಬ್ಬಿಯ ನೀಲಿಯನ್ನು ಹಂಡೆಯಲ್ಲಿ ಕದಡಿ, ಮೂರಕ್ಕೂ ಎರಡೆರಡು ಹನಿ ಬಿಟ್ಟೆ.

ಮೊದಲನೆಯದು ನೀಲಿ.

ಎರಡನೆಯದು ಹನಿ ಬಿದ್ದಾಗ ನೀಲಿಯೇ ಇತ್ತು. ಕಣ್ಣು ಪಿಳುಕಿಸುವುದರೊಳಗೆ ಅಂಚಿನಿಂದ ತಿರುಗುತ್ತ ಬಂತು. ಬದನೆಕಾಯಿ. ಅದೇ ಬದನೆಕಾಯಿ.

ಮೂರನೆಯದು ನೊರೆ ಆರಿದ ಮೇಲೆ ನೀಲಿ.

ಮೂರನೆಯದನ್ನು ನೋಡಿ ನನಗೆ ಹೆಚ್ಚು ಸಿಟ್ಟು ಬಂತು. ಮುಷ್ಟಿ ಪುಡಿ ಬಳಿದುಕೊಂಡ ಹೊಲಸು ಬಟ್ಟಲು ನಿಜ ಹೇಳುತ್ತದೆ. ಕನ್ನಡಿಯ ಹಾಗೆ ಒರೆಸಿದ್ದು ಸುಳ್ಳು ಹೇಳುತ್ತದೆ. ನಿನ್ನ ವಿದ್ಯೆಗೆ ನಾಚಿಕೆಯೆಂಬುದಿಲ್ಲ.

ಆಮೇಲೆ ನೇರಳೆ ಬಟ್ಟಲಿನ ನೀಲಿ ಯಾವ ಹಂಡೆಯಿಂದ ಬಂದಿತ್ತೋ ಅದೇ ಹಂಡೆಯಲ್ಲಿ ಒಂದು ಲಡಿ ಅದ್ದಿದೆ. ಅತ್ತೆಯ ಕಾಲದಿಂದ ಕಾಪಾಡಿಕೊಂಡು ಬಂದ ಪದ್ಧತಿಯನ್ನು ನನ್ನ ಕೈಯಿಂದಲೇ ಮುರಿದೆ. ಒಳ್ಳೆಯ ನೀಲಿ. ಇಲಕಲ್ಲಿನವರು ಕಟ್ಟು ಬಿಚ್ಚದೆ ಒಯ್ಯುವಂಥದ್ದು.

ನಾಲ್ಕು ಹಂಡೆ ಒಳ್ಳೆಯ ಬಣ್ಣವನ್ನು ಮೋರಿಗೆ ಸುರಿಸಿದ್ದೇನೆ. ಒಂದು ಲಡಿ ಅದ್ದಿ ನೋಡೆಂದವನನ್ನು ಅದರ ಹಿಂದೆಯೇ ಸುರಿಸಿದ್ದೇನೆ.

ಬಾಗಿಲು ತೆಗೆದಾಗ ಕರೆಪ್ಪ ಹೊರಗೆ ನಿಂತಿದ್ದ. ಅವನ ಕಿವಿ ಯಾವಾಗಲೂ ಬೇರೆಯವರ ಬಾಗಿಲಿನಲ್ಲಿಯೇ. ಮೂರು ಬಟ್ಟಲು ನೋಡಿದ, ಅರ್ಥವಾಯಿತು. ಅವನಿಗೆ ಬುದ್ಧಿಯಿಲ್ಲದಿದ್ದರೂ ಇಂಥದ್ದು ಬೇಗ ಅರ್ಥವಾಗುತ್ತದೆ. “ವೈನಿ, ಇದರಾಗ ಏನೈತಿ? ಬಟ್ಟಲ ತೊಳದಾಕಿ ಪರಸವ್ವ. ಆಕೀದು ತಪ್ಪು ಅಂತ ಹೇಳಿ, ಆಕಿನ್ನ ಬಿಡಿಸಿ, ಮುಗಿಸಿಬಿಡ್ರಿ” ಎಂದ.

ಪರಸವ್ವ ಅಂಗಳದಲ್ಲಿ ಕೇಳಿಸಿಕೊಂಡಳು. ಕೈಯಲ್ಲಿದ್ದ ಕೊಡ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ನಿಂತಳು. ಅವಳು ಕಾಯುತ್ತಿದ್ದದ್ದು ನನ್ನ ಮಾತಿಗೆ. ಹೋಗು ಎಂದರೆ ಹೋಗುತ್ತಿದ್ದಳು. ಲಾಲಸಾಬ ಹೋದ ಹಾಗೆಯೇ.

“ಆಕಿ ನಾ ಹೇಳಿದ್ದು ಮಾಡ್ಯಾಳ” ಎಂದೆ ಕರೆಪ್ಪನಿಗೆ. “ನೀ ಜನ್ಮದಾಗ ಒಂದ ದಿನ ಯಾರರೆ ಹೇಳಿದ್ದು ಮಾಡಿದ್ರ ಮಾತಾಡು.”

ನಾನು ಇದನ್ನೆಲ್ಲ ಬರೆದದ್ದು ನೀನು ಗೆದ್ದಿದ್ದೀಯೆಂದು ಹೇಳಲಿಕ್ಕಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಪದ್ಧತಿ.

ಸತ್ಯವ್ವ ನೀಲಗಾರ

---

ಧಾರವಾಡ
೧೨ ಆಗಸ್ಟ್ ೧೯೬೧

ಅವ್ವಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಗೆದ್ದೆನೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಈಗ ನನಗೆ ನಿನ್ನ ಬಗ್ಗೆ ಭಯ. ಇದು ಗೊತ್ತಿರುವುದು ನಮಗೆ, ಕರೆಪ್ಪ ಕಾಕಾಗೆ, ಪರಸವ್ವನಿಗೆ. ಪೇಟೆಯವರು ಮರೆತೂ ಬಿಟ್ಟಿರಬಹುದು. ಐದು ಜನರೆದುರು ಹೋಗಿ ತಲೆ ತಗ್ಗಿಸಬೇಡ. ಇಲಕಲ್ಲಿಗೆ ಸುದ್ದಿ ಹೋದರೆ ನಾಳೆ ನಮ್ಮ ಲಡಿಯನ್ನೂ ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ಲಾಲಸಾಬ ಕಾಕಾಗೆ ಒಂದು ಕಾಗದ ಬರೆದು ಕೆಲಸಕ್ಕೆ ಬಾ ಎಂದು ಕರೆ, ಅವನು ಬರುತ್ತಾನೆ. ಮಾತು ಮನೆಯೊಳಗೆ ಮುಗಿಯಲಿ.

ಬೇಕಾದರೆ ನಾನೇ ಬಂದು ಅವನೊಡನೆ ಮಾತಾಡುತ್ತೇನೆ.

ಸೀತಾ

---

ಜೋರಾಪುರ ಪೇಟೆ
೭ ಸೆಪ್ಟೆಂಬರ್ ೧೯೬೧

ಸೀತವ್ವಳಿಗೆ,

ನೀನು ಓದಿದ್ದು ಬಹಳ, ಕಲಿತದ್ದು ಕಡಿಮೆ. ಸಾಬೂನು ಸ್ವಲ್ಪವಿದ್ದರೆ ಬಣ್ಣ ಕೆಡುತ್ತದೆ ಎಂದು ನನಗೆ ಕಲಿಸಿದವಳು ನೀನೇ. ಈಗ ನಾಲ್ಕು ಹನಿ ಹಾಕಿ ಒರೆಸಿಬಿಡು ಎಂದು ಬರೆಯುವವಳೂ ನೀನೇ. ನಾನು ಅವನನ್ನು ಕಾಗದದಲ್ಲಿ ಕಳ್ಳನೆಂದಿರಲಿಲ್ಲ. ಐದು ಜನರೆದುರು ಅಂದಿದ್ದೆ.

ಮೊದಲು ಬಬಲೇಶ್ವರಕ್ಕೆ ಹೋದೆ. ಹುಡುಗನ ತಾಯಿ ಸುಗರಾಬಿ ಅಂಗಳದಲ್ಲಿ ಚಾಪೆ ಹಾಸಿದಳು, ನಾನು ಕೂಡಲಿಲ್ಲ. ಲಾಲಸಾಬ ಬೆರಕೆ ಮಾಡಿಲ್ಲ, ತಪ್ಪು ನನ್ನದು ಎಂದೆ. “ನೀವು ದೊಡ್ಡವರು, ಇಲ್ಲೀತನಕ ಬಂದೀರಿ” ಎಂದು ಅವಳು ಸೆರಗು ಸರಿಮಾಡಿಕೊಂಡಳು. “ಆದ್ರ ನಮ್ಮ ಹುಡುಗಂದು ನಿಕಾ ಆಗಿ ಇಪ್ಪತ್ತು ದಿನಾ ಆತ್ರಿ. ನೀವ ಅಲ್ಲೇನ್ರಿ ಹೇಳಿದವರು? ನಿಮ್ಮ ಮಾತು ಕೇಳೇ ಬಿಟ್ಟಿವಿ.” ಒಳಗಿನಿಂದ ಹೊಸ ಸೊಸೆ ನೀರು ತಂದು ಕೊಟ್ಟಳು. ಕುಡಿದು ಬಂದೆ. ಅವರನ್ನು ಹೀಗಳೆಯಲು ಬಾಯಿಯವರೆಗೆ ಮಾತು ಬಂದಿತ್ತು. ಆದರೆ ಅವರು ಮಾಡಿದ್ದು ನಾನು ಮಾಡಿದ್ದನ್ನೇ. ಬಟ್ಟಲು ನೋಡಿದರು, ಲಡಿ ಅದ್ದಲಿಲ್ಲ.

ಮರುದಿನ ಐದು ಹಿರಿಯರನ್ನು ಕರೆಸಿದೆ. ಚಹ ಕೊಡಲಿಲ್ಲ. ಬಸ್ಸು ಹತ್ತಿ ತಿಕೋಟಾಕ್ಕೆ ಬರಬೇಕೆಂದೆ. ಒಬ್ಬನಿಗೆ ಮೊಣಕಾಲು ನೋವು, ಇನ್ನೊಬ್ಬನಿಗೆ ಅಳಿಯ ಬರುವವನಿದ್ದ. “ಅವತ್ತ ಬೈಯಾಕ ಬಂದಾಗ ಕಾಲ ಗಟ್ಟಿ ಇದ್ದೂ” ಎಂದೆ. ಐವರೂ ಬಸ್ಸು ಹತ್ತಿದರು.

ಲಾಲಸಾಬ ಹೊಲದಿಂದ ಬಂದಿದ್ದ. ಮೈಮೇಲೆ ಮಣ್ಣು. ನಮ್ಮನ್ನು ಕಂಡು ಎದ್ದು ನಿಂತ, ರುಮಾಲು ಸರಿಮಾಡಿಕೊಂಡ. ಇನ್ನೊಂದು ಕಳವು ಹೊರಿಸಲು ಬಂದಿದ್ದೇನೆಂದುಕೊಂಡಿರಬೇಕು. ನಾನು ಸಾಕ್ಷಿ ಬಟ್ಟಲನ್ನು ಚೀಲದಿಂದ ತೆಗೆದು ಅವನ ಅಂಗಳದ ಕಲ್ಲಿನ ಮೇಲೆ ಇಟ್ಟೆ. ಅವನ ಮನೆಯ ನೀರು, ನಮ್ಮ ಡಬ್ಬಿಯ ನೀಲಿ. ಪುಡಿಯ ನೀರನ್ನು ನನ್ನ ಕೈಯಿಂದಲೇ ಬಿಟ್ಟೆ. ಆರು ಜನರ ಕಣ್ಣೆದುರು ನೀಲಿ ನೇರಳೆಗೆ ತಿರುಗಿತು.

“ನೋಡಿದಿರಿ? ಇದು ಸಾಬೂನ. ಬಟ್ಟಲಕ ಸಾಬೂನ ಹಚ್ಚಿ ಒರಸು ಅಂತ ಹೇಳಿದಾಕಿ ನಾನು. ಇವ ಏನೂ ಬೆರಸಿಲ್ಲ. ನಾಕ ಹಂಡೆ ಒಳ್ಳೆ ಬಣ್ಣಾ ಚೆಲ್ಲಿದಾಕಿನೂ ನಾನು. ಕೇಳಿಸ್ತೊ ಇಲ್ಲೊ?”

ಮೊಣಕಾಲು ನೋವಿನವನು, “ಆತು ಬಿಡ್ರಿ ಸತ್ಯವ್ವಾರ, ಮನಷ್ಯಾರು ತಪ್ಪತಾರ” ಎಂದ.

“ನಿಮ್ಮನ್ನ ನ್ಯಾಯ ಹೇಳಾಕ ಕರಕೊಂಡು ಬಂದಿಲ್ಲ. ಕೇಳಾಕ ಕರಕೊಂಡು ಬಂದೀನಿ. ಪೇಟ್ಯಾಗ ಹೋಗಿ ಇದನ್ನ ಹೇಳ್ರಿ. ಅದನ್ನ ಎಷ್ಟ ಜನಕ್ಕ ಹೇಳೀರಿ, ಇದನ್ನೂ ಅಷ್ಟ ಜನಕ್ಕ.”

ಲಾಲಸಾಬ ಬಟ್ಟಲು ನೋಡಿದ. ನನ್ನನ್ನು ನೋಡಲಿಲ್ಲ. ಅಂದ, “ಅವತ್ತ ಒಂದ ಲಡಿ ಅದ್ದಿದ್ರ ಮುಗೀತಿತ್ರಿ, ಅವ್ವಾರ.”

“ಹೌದು” ಎಂದೆ.

“ನಾ ತಿರುಗಿ ಆ ಮನಿಗೆ ಬರೂದಿಲ್ರಿ. ಸಿಟ್ಟಿಲ್ಲ. ಆ ಮೋರಿ ದಾಟಿ ಒಳಗ ಕಾಲ ಇಡಾಕ ಆಗೂದಿಲ್ರಿ ನನಗ.”

“ಕರಿಯಾಕ ಬಂದಿಲ್ಲ” ಎಂದೆ. ಅದು ಸುಳ್ಳು. ಕರೆಯಲಿಕ್ಕೇ ಹೋಗಿದ್ದೆ. ಆದರೆ ಅವನ ಉಗುರು ಕಂಡ ಮೇಲೆ, ಬಾ ಎನ್ನುವ ಅಧಿಕಾರ ನನಗೆ ಉಳಿದಿಲ್ಲವೆಂದು ಅಲ್ಲಿಯೇ ಗೊತ್ತಾಯಿತು.

ಸಬೀರಾ ಬಾಗಿಲಿನಲ್ಲಿ ನಿಂತಿದ್ದಳು. ಬಬಲೇಶ್ವರದ ಸುದ್ದಿಯನ್ನು ಅವಳಿಗೆ ನಾನೇ ಹೇಳಿದೆ, ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು. “ಗೊತ್ತೈತ್ರಿ” ಎಂದಳು, ಅಷ್ಟೇ. ಅಂಗಳಕ್ಕೆ ಇಳಿದು ಬಂದು ಸಾಕ್ಷಿ ಬಟ್ಟಲನ್ನು ಕಲ್ಲಿನಿಂದ ಎತ್ತಿಕೊಂಡಳು. ನೇರಳೆಯನ್ನು ಚೆಲ್ಲಿದಳು. ನನ್ನ ಕಣ್ಣೆದುರು, ನನ್ನನ್ನೇ ನೋಡುತ್ತ, ಕೊಡದಿಂದ ನೀರು ಸುರಿದು ಒಂದು ಸಲ ತೊಳೆದಳು. ಎರಡು ಸಲ. ಮೂರು ಸಲ. ನಲವತ್ತು ವರ್ಷ ಆ ಬಟ್ಟಲು ಹಿಡಿದವಳೆದುರು ಹೀಗೆ ಮಾಡುವ ಧೈರ್ಯ ನಿನಗೂ ಇರಲಿಲ್ಲ. ನಾನು ಕೈ ಚಾಚಲಿಲ್ಲ. ಅದು ಅವಳ ಕೈಯಲ್ಲಿಯೇ ಇರಲಿ ಎಂದೆ.

ಇನ್ನು ನಡೆದುಹೋದದ್ದನ್ನು ತಿಳಿಸುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಎರಡೂ ತಾಮ್ರದ ಹಂಡೆ, ಡಬ್ಬಿಗಳು, ಆ ಕೋಲು, ಎಲ್ಲವೂ ಮೊನ್ನೆ ಮಂಗಳವಾರ ಚಕ್ಕಡಿಯಲ್ಲಿ ತಿಕೋಟಾಕ್ಕೆ ಹೋದವು. ಲಾಲಸಾಬ ತನ್ನ ಅಂಗಳದಲ್ಲಿ ಬಣ್ಣ ಹಾಕುತ್ತಾನೆ, ತನ್ನ ಹೆಸರಿನಲ್ಲಿ. ಇಲಕಲ್ಲಿನವರಿಗೆ ಬರೆದಿದ್ದೇನೆ, ಯಾಕೆಂಬುದನ್ನೂ ಬರೆದಿದ್ದೇನೆ. ಅವರು ನಮ್ಮ ಲಡಿಯನ್ನು ಬಿಸಿಲಿಗೆ ಹಿಡಿದಾರೆಂದು ಚಿಂತಿಸುವ ಕಾರಣವೇ ಉಳಿದಿಲ್ಲ, ಇನ್ನು ನಮ್ಮ ಲಡಿಯೆಂಬುದಿಲ್ಲ. ಕರೆಪ್ಪ ಮನೆತನ ಮುಳುಗಿತೆಂದು ಓಣಿಯಲ್ಲಿ ಅಳುತ್ತ ತಿರುಗುತ್ತಿದ್ದಾನೆ. ಒಂದು ದಿನವೂ ಹಂಡೆಗೆ ಕೈ ಹಾಕದವನ ಕಣ್ಣೀರಿಗೆ ಯಾವ ಬಣ್ಣವೂ ಇಲ್ಲ.

ನೀನು ಶ್ರಾವಣಕ್ಕೆ ಬರಲಿಲ್ಲ. ಇನ್ನು ಬರಬೇಕಾಗಿಯೂ ಇಲ್ಲ. ಕಟ್ಟೆ ಇದೆ, ಅದರ ಮುಂದೆ ನೋಡಲು ಏನೂ ಇಲ್ಲ. ನಿನ್ನ ನಳಿಗೆಗಳನ್ನು ಚೆನ್ನಾಗಿ ತೊಳೆದುಕೊಂಡು ಕೆಲಸ ಮುಗಿಸು.

ಸಾಬೂನು ಪುಡಿಯ ಪೊಟ್ಟಣವನ್ನು ಮಾತ್ರ ನಾನು ಕಳಿಸಲಿಲ್ಲ. ಬಟ್ಟಲು ಇಡುತ್ತಿದ್ದ ಗೂಡಿನಲ್ಲಿ ಇಟ್ಟಿದ್ದೇನೆ. ಅದನ್ನು ತರಿಸಿದವಳು ನಾನು.

ಸತ್ಯವ್ವ